ಸಾನ್ ಸಿರೊದಲ್ಲಿ ಟೂರ್‌ನ ಕೊನೆಯ ರಾತ್ರಿ: ಟಿಕೆಟ್ ಕೊಳ್ಳುವುದರಿಂದ ಕೊನೆಯ ಮೆಟ್ರೊವರೆಗೆ

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಅವರ ಇ ಸ್ಟ್ರೀಟ್ ಬ್ಯಾಂಡ್ 2023ರ ಫೆಬ್ರವರಿ 1ರಂದು ಅಮೆರಿಕದ ಟ್ಯಾಂಪಾದಲ್ಲಿ ಶುರು ಮಾಡಿದ ಟೂರ್ 2025ರ ಜುಲೈ 3ರ ರಾತ್ರಿ ಇಟಲಿಯ ಮಿಲಾನ್‌ನಲ್ಲಿ ಮುಗಿಯಿತು. ಜಾಗ ಸಾನ್ ಸಿರೊ ಫುಟ್‌ಬಾಲ್ ಸ್ಟೇಡಿಯಂ, ಆಗ ಗಾಯಕರಿಗೆ 75 ವರ್ಷ. ಆದರೆ ಮೊದಲ ವೇಳಾಪಟ್ಟಿಯಲ್ಲಿ ಮಿಲಾನ್ ಕೊನೆಯ ಊರು ಆಗಿರಲೇ ಇಲ್ಲ. ಅಲ್ಲಿನ ಎರಡು ಶೋಗಳು 2024ರ ಜೂನ್ 1 ಮತ್ತು 3ಕ್ಕೆ ಗೊತ್ತಾಗಿದ್ದವು. ಗಂಟಲಿಗೆ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದ್ದರಿಂದ ಅವು ಒಂದು ವರ್ಷಕ್ಕೂ ಹೆಚ್ಚು ಮುಂದಕ್ಕೆ ಹೋಗಿ ಟೂರ್‌ನ ಬಾಲಕ್ಕೆ ಸೇರಿಕೊಂಡವು. ಅದಕ್ಕೂ ಮುಂಚೆ, 2023ರ ಸೆಪ್ಟೆಂಬರ್‌ನಲ್ಲಿ, ಹೊಟ್ಟೆಯ ಅಲ್ಸರ್‌ನಿಂದಾಗಿ ಅಮೆರಿಕದ ಶೋಗಳೂ ಮುಂದೂಡಲ್ಪಟ್ಟಿದ್ದವು.

ಹಿರಿಯ ಕಲಾವಿದರ ಟೂರ್‌ಗಳ ಸ್ವಭಾವವೇ ಇದು. ನಡುವೆ ತಪ್ಪಿದ ಶೋಗಳೆಲ್ಲ ಕೊನೆಗೆ ಬಂದು ಅಂಟಿಕೊಳ್ಳುತ್ತವೆ, ಹಾಗಾಗಿ ‘ಕೊನೆಯ ರಾತ್ರಿ’ ಎಂಬ ದಿನಾಂಕವೇ ಅಲುಗಾಡುತ್ತದೆ. ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ: ಟಿಕೆಟ್ ಮತ್ತು ಹೆಸರು ಗಟ್ಟಿಯಾಗಿರಲಿ, ಮಿಕ್ಕಿದ್ದೆಲ್ಲ ಸಡಿಲವಾಗಿರಲಿ. ಉದಾಹರಣೆಗೆ ಸಾನ್ ಸಿರೊವನ್ನೇ ಇಟ್ಟುಕೊಂಡಿದ್ದೇವೆ. ಬೇರೆ ಊರಿನ ಸ್ಟೇಡಿಯಂಗೂ ಇದರ ಬಹುಪಾಲು ಹೊಂದುತ್ತದೆ.

ಯಾವ ರಾತ್ರಿ?

2025ರ ಯುರೋಪ್ ಸುತ್ತಿನಲ್ಲಿ 51 ದಿನಗಳಲ್ಲಿ 16 ಶೋಗಳಿದ್ದವು. ಒಂದೇ ಊರಿನಲ್ಲಿ ಒಂದಕ್ಕಿಂತ ಹೆಚ್ಚು ಶೋ ಇದ್ದಲ್ಲೆಲ್ಲ ನಡುವೆ ಎರಡು ಪೂರ್ತಿ ದಿನ ಬಿಡುವು. ಮಿಲಾನ್‌ನಲ್ಲಿ ಜೂನ್ 30 ಮತ್ತು ಜುಲೈ 3. ಎರಡೂ ರಾತ್ರಿ ನೋಡುವ ಆಸೆ ಇದ್ದರೆ ಹೋಟೆಲ್‌ನಲ್ಲಿ ಕನಿಷ್ಠ ಐದು ರಾತ್ರಿ ಎಂದು ಲೆಕ್ಕ ಹಾಕಿಕೊಳ್ಳಿ.

ಕೊನೆಯ ರಾತ್ರಿಗೆ ಅದರದ್ದೇ ಆದ ಕಾವು ಇರುತ್ತದೆ. ನಾಳೆಗೆ ಗಂಟಲು ಉಳಿಸಿಕೊಳ್ಳುವ ಚಿಂತೆ ಗಾಯಕರಿಗಿಲ್ಲ, ಪಟ್ಟಿಯಲ್ಲಿಲ್ಲದ ಹಾಡು ಬರುವ ಸಾಧ್ಯತೆ ಹೆಚ್ಚು. ಆದರೆ ಅಪಾಯವೂ ಅಲ್ಲೇ ಇದೆ. ಆ ಶೋ ತಪ್ಪಿತೆಂದರೆ ಬದಲಿಗೆ ಮರುದಿನ ಮತ್ತೊಂದು ಇರುವುದಿಲ್ಲ. ಒಮ್ಮೆಯಾದರೂ ನೋಡಲೇಬೇಕು ಎನ್ನುವವರು ಕೊನೆಯದಕ್ಕಿಂತ ಮುಂಚಿನ ಶೋಗೆ ಒಂದು ಟಿಕೆಟ್ ತೆಗೆದುಕೊಂಡು, ಸಿಕ್ಕರೆ ಕೊನೆಯದಕ್ಕೂ ಇನ್ನೊಂದು ತೆಗೆದುಕೊಳ್ಳುವುದು ನಮ್ಮ ಸಲಹೆ.

ಟಿಕೆಟ್ ಮೇಲಿನ ಹೆಸರು: ನಮ್ಮವರು ಎಡವುವುದು ಇಲ್ಲೇ

ಇಟಲಿಯಲ್ಲಿ 2019ರ ಜುಲೈ 1ರಿಂದ, 5,000ಕ್ಕಿಂತ ಹೆಚ್ಚು ಜನ ಹಿಡಿಯುವ ಜಾಗದ ಸಂಗೀತ ಕಾರ್ಯಕ್ರಮಗಳಿಗೆ ಹೆಸರಿರುವ ಟಿಕೆಟ್ ಕಡ್ಡಾಯ. ಟಿಕೆಟ್ ಮೇಲೆ ನಿಮ್ಮ ಹೆಸರು ಅಚ್ಚಾಗಿರುತ್ತದೆ, ಗೇಟಿನಲ್ಲಿ ಗುರುತಿನ ದಾಖಲೆ ಕೇಳುತ್ತಾರೆ. ಕಾಳಸಂತೆಗೆ ಕಡಿವಾಣ ಹಾಕಲು ಮಾಡಿದ ನಿಯಮ ಇದು.

ಈಗ ನಿಮ್ಮ ಪಾಸ್‌ಪೋರ್ಟ್ ತೆರೆದು ನೋಡಿ. ಕರ್ನಾಟಕದ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಊರು, ತಂದೆಯ ಹೆಸರುಗಳ ಇನಿಷಿಯಲ್ ಬಿಡಿಸಿ ಬರೆದು ಎಲ್ಲವನ್ನೂ ಗಿವನ್ ನೇಮ್ ಸಾಲಿಗೇ ತುಂಬಿರುತ್ತಾರೆ. ಟಿಕೆಟ್ ಮಾರುವ ಸೈಟ್‌ಗಳು ಮಾತ್ರ ಸರ್‌ನೇಮ್ ಕೊಡದೆ ಮುಂದಕ್ಕೇ ಬಿಡುವುದಿಲ್ಲ. ಹೀಗೆ ಮಾಡಿ:

1. ಮಾರಾಟ ಶುರುವಾಗುವ ಒಂದು ವಾರ ಮುಂಚೆಯೇ ಖಾತೆ ತೆರೆಯಿರಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ, ಅದೇ ಸ್ಪೆಲ್ಲಿಂಗ್‌ನಲ್ಲಿ ಇರಲಿ.
2. ಸರ್‌ನೇಮ್ ಖಾಲಿ ಇದ್ದರೆ ಗಿವನ್ ನೇಮ್‌ನ ಕೊನೆಯ ಪದವನ್ನು ಸರ್‌ನೇಮ್ ಜಾಗಕ್ಕೆ ಹಾಕಿ. ಎರಡೂ ಸೇರಿಸಿ ಓದಿದರೆ ಪಾಸ್‌ಪೋರ್ಟ್ ಸಾಲೇ ಆಗಬೇಕು. ಇನಿಷಿಯಲ್ ಮಾತ್ರ ಹಾಕಬೇಡಿ, ಮನೆಯಲ್ಲಿ ಕರೆಯುವ ಹೆಸರಂತೂ ಬೇಡವೇ ಬೇಡ.
3. ಜೊತೆಗೆ ಬರುವವರ ಹೆಸರುಗಳನ್ನೂ ಅದೇ ರೀತಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ನಿಮ್ಮ ಸರದಿ ಬಂದಾಗ ಗಡಿಯಾರ ಓಡುತ್ತಿರುತ್ತದೆ, ಅಣ್ಣನಿಗೆ ಫೋನ್ ಮಾಡಿ ಸ್ಪೆಲ್ಲಿಂಗ್ ಕೇಳುವಷ್ಟು ಪುರುಸೊತ್ತು ಸಿಗುವುದಿಲ್ಲ.
4. ಅಂತರರಾಷ್ಟ್ರೀಯ ಪಾವತಿ ಭಾರತದ ಬಹಳಷ್ಟು ಕಾರ್ಡ್‌ಗಳಲ್ಲಿ ಮೊದಲಿಗೆ ಆಫ್ ಆಗಿರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಮಿತಿ ಏರಿಸಿ, ಚಿಕ್ಕ ಮೊತ್ತದ ಏನಾದರೂ ಕೊಂಡು ಒಮ್ಮೆ ಪರೀಕ್ಷಿಸಿ.

ಹೆಸರು ತಪ್ಪಾದರೆ, ಅಥವಾ ಗೆಳೆಯರಿಗೆ ಟಿಕೆಟ್ ದಾಟಿಸಬೇಕಾದರೆ, ಹೆಸರು ಬದಲಾವಣೆಗೆ ಅವಕಾಶ ಇದೆ. ಆದರೆ ಅದು ಟಿಕೆಟ್ ಮಾರಿದ ಕಂಪನಿಯ ಮೂಲಕವೇ ಆಗಬೇಕು, ಅದಕ್ಕೆ ಶುಲ್ಕ ಮತ್ತು ಗಡುವು ಎರಡೂ ಇರುತ್ತವೆ. ಬೇಡವಾದ ಟಿಕೆಟ್ ಮರುಮಾರಾಟಕ್ಕೂ ಅದೇ ದಾರಿ. ಗುಂಪುಗಳಲ್ಲಿ ‘ಒಂದು ಟಿಕೆಟ್ ಉಳಿದಿದೆ, ಕ್ಯೂಆರ್ ಕಳಿಸುತ್ತೇನೆ’ ಎನ್ನುವವರಿಂದ ಕೊಳ್ಳಬೇಡಿ. ಮಾರುವವರು ಪ್ರಾಮಾಣಿಕರೇ ಆಗಿದ್ದರೂ ಹೆಸರು ಬೇರೆ ಇದ್ದರೆ ಗೇಟಿನಲ್ಲಿ ನಿಲ್ಲಿಸಲು ಅದೇ ಸಾಕು.

ಶೋ ಮುಂದೂಡಿದರೆ ಗಾಬರಿಯಿಂದ ಟಿಕೆಟ್ ವಾಪಸ್ ಮಾಡಬೇಡಿ. 2024ರ ಮಿಲಾನ್ ಟಿಕೆಟ್‌ಗಳು 2025ರ ಹೊಸ ದಿನಾಂಕಕ್ಕೂ ನಡೆದವು. ಹಣ ಹಿಂಪಡೆಯುವ ಗಡುವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು, ರಜೆ ಸಿಗುತ್ತದೋ ಇಲ್ಲವೋ ನೋಡಿ, ಆಮೇಲೆ ತೀರ್ಮಾನಿಸಿ.

ವೀಸಾ, ವಿಮಾನ, ಕೋಣೆ

ಟಿಕೆಟ್ ಎಂಟು ಹತ್ತು ತಿಂಗಳು ಮುಂಚೆ ಮಾರಾಟವಾಗುತ್ತದೆ, ಆದರೆ ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ. ಕೊನೆಯ ಗಡುವು 15 ದಿನ ಮುಂಚೆ, ಆದರೆ ಬೇಸಿಗೆಯಲ್ಲಿ ಅಷ್ಟು ತಡ ಮಾಡಿದರೆ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ. ಮೂರು ನಾಲ್ಕು ತಿಂಗಳು ಮುಂಚೆ ಹಾಕಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, ವೀಸಾ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕು. ಲಂಡನ್‌ನಲ್ಲೋ ಮ್ಯಾಂಚೆಸ್ಟರ್‌ನಲ್ಲೋ ನೆಲೆಸಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಕನ್ನಡಿಗರಿಗೂ ಷೆಂಗೆನ್ ವೀಸಾ ಬೇಕೇ ಬೇಕು. ಬ್ರಿಟನ್ ವೀಸಾ ಇಟಲಿಯಲ್ಲಿ ನಡೆಯುವುದಿಲ್ಲ. ಜರ್ಮನಿ, ನೆದರ್ಲೆಂಡ್ಸ್‌ಗಳ ನಿವಾಸ ಪರವಾನಗಿ ಇರುವವರಿಗೆ ಪ್ರತ್ಯೇಕ ವೀಸಾ ಬೇಡ.

ಕೋಣೆಯನ್ನು ಟಿಕೆಟ್ ಸಿಕ್ಕ ದಿನವೇ ಕಾಯ್ದಿರಿಸಿ, ಆದರೆ ಉಚಿತವಾಗಿ ರದ್ದು ಮಾಡಬಹುದಾದದ್ದನ್ನೇ ಆರಿಸಿ. ಬೆಲೆ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. 2024ರಲ್ಲಿ ಮಿಲಾನ್ ಶೋ ಮುಂದೂಡಿದ ಸುದ್ದಿ ಬಂದಾಗ ದಿನಾಂಕಕ್ಕೆ ಉಳಿದಿದ್ದದ್ದು ಒಂದು ವಾರವೂ ಅಲ್ಲ. ಅಗ್ಗದ, ಹಣ ಹಿಂದಿರುಗದ ಕೋಣೆ ಹಿಡಿದವರ ದುಡ್ಡು ಹಾಗೇ ಹೋಗುತ್ತದೆ.

ಸ್ಟೇಡಿಯಂ ಪಕ್ಕದಲ್ಲೇ ಕೋಣೆ ಹುಡುಕಬೇಕಾಗಿಲ್ಲ. ನಗರದ ಕೆಂಪು ಮೆಟ್ರೊ ದಾರಿ, ಎಂ1, ಅದರ ಮೇಲಿನ ಯಾವುದಾದರೂ ನಿಲ್ದಾಣದ ಹತ್ತಿರ ಹಿಡಿಯಿರಿ. ಕಾರಣ ವಾಪಸಾಗುವ ಭಾಗದಲ್ಲಿ ಬರುತ್ತದೆ.

ನಿಲ್ಲುವುದೋ, ಕೂರುವುದೋ

1926ರಲ್ಲಿ ತೆರೆದ ಈ ಸ್ಟೇಡಿಯಂಗೆ ಮೂರು ಅಂತಸ್ತು, ಅವಕ್ಕೆ ಇಟಾಲಿಯನ್‌ನಲ್ಲಿ ‘ಅನೆಲ್ಲೊ’, ಅಂದರೆ ಉಂಗುರ ಎನ್ನುತ್ತಾರೆ. ಮೂರನೆಯದನ್ನು 1990ರ ವಿಶ್ವಕಪ್‌ಗಾಗಿ ಕಟ್ಟಿದ್ದು. ಹೊರಗೆ ಕಾಣುವ 11 ಕಾಂಕ್ರೀಟ್ ಗೋಪುರಗಳು ಆ ಕಾಲದವೇ. ನಾಲ್ಕು ಬದಿಗಳಿಗೆ ಬಣ್ಣದ ಹೆಸರು: ಕೆಂಪು, ಕಿತ್ತಳೆ, ಹಸಿರು, ನೀಲಿ. ಟಿಕೆಟ್ ಮೇಲೆ ಬಣ್ಣ, ಉಂಗುರ, ಗೇಟು ಸಂಖ್ಯೆ ಮೂರೂ ಇರುತ್ತವೆ. ವೇದಿಕೆ ಯಾವ ತುದಿಯಲ್ಲಿ ಎಂಬುದನ್ನು ಟಿಕೆಟ್ ಸೈಟ್‌ನ ನಕ್ಷೆಯಲ್ಲಿ ನೋಡಿಕೊಂಡೇ ಕೊಳ್ಳಿ. ವೇದಿಕೆಗೆ ತೀರಾ ಪಕ್ಕದ ಸೀಟುಗಳಿಂದ ಪರದೆಯೂ ಕಾಣದು, ಬ್ಯಾಂಡಿನ ಅರ್ಧವೂ ಕಾಣದು.

ಮೈದಾನದ ಹುಲ್ಲಿನ ಭಾಗಕ್ಕೆ ‘ಪ್ರಾತೊ’ ಎನ್ನುತ್ತಾರೆ. ಅಲ್ಲಿ ನಿಂತೇ ನೋಡಬೇಕು. ವೇದಿಕೆಗೆ ಹತ್ತಿರದ, ಬೇಲಿ ಹಾಕಿದ ತುಂಡಿಗೆ ‘ಪಿಟ್’ ಎಂದು ಹೆಸರು. ಈ ಗಾಯಕರ ಶೋಗೆ ಸಾಮಾನ್ಯವಾಗಿ ಮುಂಚೆ ಹಾಡುವ ಬೇರೆ ತಂಡ ಇರುವುದಿಲ್ಲ, ನಡುವೆ ಬಿಡುವೂ ಇಲ್ಲ. ಈಚಿನ ಶೋಗಳು ಎರಡೂ ಮುಕ್ಕಾಲರಿಂದ ಮೂರು ಗಂಟೆ ನಡೆದಿವೆ. 2012ರಲ್ಲಿ ಇದೇ ಸಾನ್ ಸಿರೊದಲ್ಲಿ ಮೂರೂವರೆ ಗಂಟೆಯನ್ನೂ ದಾಟಿತ್ತು. ಅದಕ್ಕೆ ಮುಂಚಿನ ಕಾಯುವಿಕೆ ಸೇರಿಸಿದರೆ ಪಿಟ್‌ನಲ್ಲಿರುವವರು ಎಂಟು ಹತ್ತು ಗಂಟೆ ಕಾಲ ಮೇಲೆ ಇರುತ್ತಾರೆ. ಮಂಡಿ ನೋವು, ಸಕ್ಕರೆ ಕಾಯಿಲೆ, ಬಸಿರು, ಚಿಕ್ಕ ಮಗು — ಇವುಗಳಲ್ಲಿ ಯಾವುದಿದ್ದರೂ ಪಿಟ್ ಬೇಡ.

ಚೆನ್ನಾಗಿ ಕೇಳಬೇಕು ಎನ್ನುವವರಿಗೆ ಪಿಟ್‌ಗಿಂತ ಒಳ್ಳೆಯ ಜಾಗವಿದೆ. ಹುಲ್ಲಿನ ನಡುವೆ ಧ್ವನಿ ತಂತ್ರಜ್ಞರ ಗುಡಾರ ಇರುತ್ತದೆ. ಇಡೀ ಮೈದಾನದ ಧ್ವನಿಯನ್ನು ಅವರು ಅಲ್ಲಿ ನಿಂತು ಕೇಳಿಯೇ ಹದ ಮಾಡುವುದು. ಅದರ ಮುಂದೆ ಅಥವಾ ಬೆನ್ನಿಗೆ ನಿಂತರೆ ನಿಮಗೆ ಕೇಳುವುದೂ ಅದೇ ಹದ. ಗುಡಾರದ ಬೇಲಿ ಒರಗಲೂ ಆಗುತ್ತದೆ. ಮೂರನೆಯ ಉಂಗುರದ ತುತ್ತತುದಿ ಅಗ್ಗ, ಆದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 150 ಮೀಟರ್ ದೂರದಲ್ಲಿ ಡ್ರಮ್ ಬಡಿದದ್ದು ಪರದೆಯಲ್ಲಿ ಕಂಡು ಸುಮಾರು ಅರ್ಧ ಸೆಕೆಂಡ್ ಆದ ಮೇಲೆ ಕಿವಿಗೆ ಬೀಳುತ್ತದೆ. ಕೆಲವರಿಗೆ ಅದು ಗಮನಕ್ಕೇ ಬರುವುದಿಲ್ಲ, ಕೆಲವರಿಗೆ ಇಡೀ ರಾತ್ರಿ ಕಿರಿಕಿರಿ.

ಕೈ ಮೇಲಿನ ನಂಬರು

ಪಿಟ್ ಟಿಕೆಟ್ ಇದ್ದವರಲ್ಲಿ ಮುಂದಿನ ಸಾಲು ಹಿಡಿಯುವ ಆಸೆಯವರು ಎರಡು ಮೂರು ದಿನ ಮುಂಚೆಯೇ ಒಂದು ಪಟ್ಟಿ ಶುರು ಮಾಡುತ್ತಾರೆ. ಸ್ಪ್ರಿಂಗ್‌ಸ್ಟೀನ್ ಅಭಿಮಾನಿಗಳಲ್ಲಿ ಇದು ಹಳೆಯ ರೂಢಿ. ಹೋಗಿ ಹೆಸರು ಕೊಟ್ಟರೆ ಕೈ ಹಿಂಭಾಗದ ಮೇಲೆ ಮಾರ್ಕರ್‌ನಲ್ಲಿ ನಂಬರು ಬರೆಯುತ್ತಾರೆ. ದಿನಕ್ಕೆ ಎರಡು ಮೂರು ಸಲ ಗೊತ್ತಾದ ಹೊತ್ತಿಗೆ ಹಾಜರಿ ಕೂಗುತ್ತಾರೆ. ಶಾಲೆಯಲ್ಲಿ ಕೂಗುವ ಹಾಗೆಯೇ, ಆದರೆ ಇಟಾಲಿಯನ್‌ನಲ್ಲಿ. ನಿಮ್ಮ ನಂಬರನ್ನು ಇಟಾಲಿಯನ್‌ನಲ್ಲಿ ಹೇಗೆ ಹೇಳುತ್ತಾರೆಂದು ಮೊದಲೇ ಕಲಿತಿರಿ. 147 ಆದರೆ ‘ಚೆಂತೊಕ್ವರಾಂತಸೆತ್ತೆ’. ಒಂದು ಹಾಜರಿ ತಪ್ಪಿದರೆ ಹೆಸರಿಗೆ ಗೀಟು.

ಈ ಪಟ್ಟಿ ಅಭಿಮಾನಿಗಳದ್ದು, ಕಾನೂನಿನದ್ದಲ್ಲ. ಶೋ ದಿನ ಭದ್ರತಾ ಸಿಬ್ಬಂದಿ ಅದನ್ನು ಒಪ್ಪಿದರೆ ಆ ಕ್ರಮದಲ್ಲೇ ಒಳಗೆ ಬಿಡುತ್ತಾರೆ, ಒಪ್ಪದಿದ್ದರೆ ಇಲ್ಲ. ಜುಲೈ ಬೆವರಿಗೆ ಅರ್ಧ ದಿನದಲ್ಲಿ ಶಾಯಿ ಅಳಿಸುತ್ತದೆ. ಬರೆಸಿಕೊಂಡ ತಕ್ಷಣ ಫೋಟೊ ತೆಗೆಯಿರಿ, ಸನ್‌ಸ್ಕ್ರೀನ್ ಹಚ್ಚುವಾಗ ಆ ಜಾಗ ಬಿಡಿ. ಮುಂದಿನ ಎರಡು ಸಾಲು ಬೇಡವಾದರೆ ಈ ಉಸಾಬರಿಯೇ ಬೇಡ. ಬಾಗಿಲು ತೆರೆಯುವ ಹೊತ್ತಿಗೆ ಹೋದರೂ ಪಿಟ್‌ನ ಹಿಂಭಾಗದಲ್ಲಿ ಆರಾಮಾಗಿ ಜಾಗ ಸಿಗುತ್ತದೆ, ಅಲ್ಲಿಂದ ಮುಖ ಚೆನ್ನಾಗಿಯೇ ಕಾಣುತ್ತದೆ.

ಬ್ಯಾಗಿನಲ್ಲಿ ಏನು, ಹೊರಗೆ ಏನು

ಇಟಲಿಯ ಸ್ಟೇಡಿಯಂ ಶೋಗಳಲ್ಲಿ 15 ಲೀಟರ್‌ಗಿಂತ ದೊಡ್ಡ ಬ್ಯಾಗಿಗೆ ಪ್ರವೇಶ ಇಲ್ಲದಿರುವುದೇ ಹೆಚ್ಚು. ಆಯಾ ಶೋನ ಪಟ್ಟಿ ಕೆಲವು ದಿನ ಮುಂಚೆ ಪ್ರಕಟವಾಗುತ್ತದೆ, ತಪ್ಪದೆ ಓದಿ. ವಿಮಾನದಿಂದ ನೇರ ಸ್ಟೇಡಿಯಂಗೆ ಸೂಟ್‌ಕೇಸ್ ಎಳೆದುಕೊಂಡು ಹೋದರೆ ಗೇಟಿನಲ್ಲಿ ಇಡಲು ಜಾಗ ಇರುತ್ತದೆಂದು ನಂಬಬೇಡಿ. ಮಿಲಾನ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಲಗೇಜು ಕೊಠಡಿ ಇದೆ.

ಉದ್ದ ಛತ್ರಿ, ಲೋಹದ ಮತ್ತು ಗಾಜಿನ ಬಾಟಲಿ, ಸೆಲ್ಫಿ ಕೋಲು, ಲೆನ್ಸ್ ಬದಲಿಸುವ ಕ್ಯಾಮೆರಾ ಮನೆಯಲ್ಲೇ ಇರಲಿ. ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಮುಚ್ಚಳ ಗೇಟಿನಲ್ಲೇ ತೆಗೆದು ಬಿಸಾಡುತ್ತಾರೆ. ಮುಚ್ಚಳವಿಲ್ಲದ ಬಾಟಲಿಯನ್ನು ಮರೆತು ಬ್ಯಾಗಿಗೆ ಹಾಕಿದರೆ ಮೊದಲು ನೆನೆಯುವುದು ಪಾಸ್‌ಪೋರ್ಟ್. ಪಾಸ್‌ಪೋರ್ಟನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೆನ್ನಿನ ಬ್ಯಾಗಿಗಲ್ಲ, ಸೊಂಟದ ಪೌಚಿಗೆ ಸೇರಿಸಿ. ಜೆರಾಕ್ಸ್ ಸಾಲದು, ಮೂಲವೇ ಇರಲಿ.

ಇಷ್ಟು ಸಾಕು: ತೆಳು ಪ್ಲಾಸ್ಟಿಕ್ ರೇನ್‌ಕೋಟು, ಟೋಪಿ, ಸನ್‌ಸ್ಕ್ರೀನ್, ಚಿಕ್ಕ ಪವರ್‌ಬ್ಯಾಂಕ್, ಇಯರ್‌ಪ್ಲಗ್, ಎರಡು ಪೊಟ್ಟಣ ಓಆರ್‌ಎಸ್, ಕಡಲೆಬೀಜದ ಚಿಕ್ಕಿ ಅಥವಾ ಖರ್ಜೂರ. ರೇನ್‌ಕೋಟನ್ನು ಮರೆಯಬೇಡಿ. ಚಾವಣಿ ಇರುವುದು ಸೀಟುಗಳ ಮೇಲೆ, ಹುಲ್ಲಿನ ಮೇಲೆ ಆಕಾಶವೇ. 2003ರ ಜೂನ್ 28ರ ಸಾನ್ ಸಿರೊ ಶೋ ಸುರಿಯುವ ಮಳೆಯಲ್ಲೇ ನಡೆಯಿತು, ಇಟಲಿಯ ಅಭಿಮಾನಿಗಳು ಇಂದಿಗೂ ಆ ರಾತ್ರಿಯ ಮಾತು ಆಡುತ್ತಾರೆ. ಸಿಡಿಲು ಗಾಳಿ ಜೋರಾದರೆ ಶೋ ತಡವಾಗಬಹುದು, ಬರೀ ಮಳೆಗೆ ನಿಲ್ಲುವುದು ಅಪರೂಪ.

ಊರಿನಿಂದ ತಿಂಡಿ ಕಟ್ಟಿಕೊಂಡು ಹೋಗುವವರು ಗಮನಿಸಿ: ಭಾರತದಿಂದ ಯುರೋಪಿಯನ್ ಒಕ್ಕೂಟಕ್ಕೆ ಹಾಲು, ಮಾಂಸದ ಪದಾರ್ಥ ತರುವಂತಿಲ್ಲ. ಪೇಡ ಬಿಡಿ, ಚಕ್ಕುಲಿ ತನ್ನಿ.

ಇಯರ್‌ಪ್ಲಗ್ ಯಾಕೆಂದರೆ, 85 ಡೆಸಿಬೆಲ್ ಶಬ್ದವನ್ನು ಎಂಟು ಗಂಟೆ ತಾಳುವ ಕಿವಿ, ಪ್ರತಿ 3 ಡೆಸಿಬೆಲ್ ಏರಿದಾಗ ಅದರ ಅರ್ಧ ಹೊತ್ತು ಮಾತ್ರ ತಾಳುತ್ತದೆ ಎಂಬುದು ವೃತ್ತಿ ಸುರಕ್ಷತೆಯ ಲೆಕ್ಕ. 100 ಡೆಸಿಬೆಲ್‌ಗೆ ಬಂದರೆ ಕಾಲು ಗಂಟೆ. ರಾಕ್ ಶೋನ ಮುಂಭಾಗದಲ್ಲಿ ಅಷ್ಟು ಶಬ್ದ ಮಾಮೂಲಿ. ಸಂಗೀತಕ್ಕೆಂದೇ ಮಾಡಿದ, 15ರಿಂದ 20 ಡೆಸಿಬೆಲ್ ತಗ್ಗಿಸುವ ಪ್ಲಗ್ ಕೊಳ್ಳಿ. ಹತ್ತಿ ತುರುಕಿಕೊಂಡರೆ ಹಾಡಿನ ಮಾತು ಮಸುಕಾಗುತ್ತದೆ, ಕಿವಿ ಉಳಿಯುವುದಿಲ್ಲ.

ಶೋ ದಿನ

ಬೆಳಿಗ್ಗೆ ತಡವಾಗಿ ಏಳಿ. ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿ, ರಿಸೊಟ್ಟೊ, ಪಾಸ್ತಾ ಏನಾದರೂ ಸರಿ. ಸ್ಟೇಡಿಯಂ ಒಳಗೆ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಸಾಲು ಉದ್ದ. 2025ರಲ್ಲಿ ಮಿಲಾನ್ ಶೋಗಳು ನಡೆದ ವಾರ ಯುರೋಪಿನ ಬಹುಭಾಗ ಬಿಸಿಗಾಳಿಯಲ್ಲಿ ಬೇಯುತ್ತಿತ್ತು. ಬೆಂಗಳೂರಿನವರಿಗೆ ಮಿಲಾನ್‌ನ ಜುಲೈ ನಿಜವಾಗಿಯೂ ಕಷ್ಟ: ಗಾಳಿ ಆಡದು, ಬೆವರು ಆರದು. ಗಂಟೆಗೆ ಅರ್ಧ ಲೀಟರ್ ನೀರು, ನಡುವೆ ಓಆರ್‌ಎಸ್. ಶೌಚಕ್ಕೆ ಹೋದರೆ ಜಾಗ ಹೋಗುತ್ತದೆಂದು ನೀರನ್ನೇ ಬಿಡುವವರು ಮೊದಲ ಹತ್ತು ಹಾಡಿನೊಳಗೆ ತಲೆ ಸುತ್ತಿ ಬೇಲಿಯಾಚೆ ಎತ್ತಿಸಿಕೊಳ್ಳುತ್ತಾರೆ. ಇಬ್ಬರು ಮೂವರು ಜೊತೆಗಿದ್ದರೆ ಒಬ್ಬೊಬ್ಬರಾಗಿ ಹೋಗಿಬನ್ನಿ.

ಹೋಗಲು ಎಂ5 ನೇರಳೆ ದಾರಿ ಸುಲಭ. 2015ರಿಂದ ಅದು ಸ್ಟೇಡಿಯಂ ಬಾಗಿಲವರೆಗೂ ಹೋಗುತ್ತದೆ, ನಿಲ್ದಾಣದ ಹೆಸರು ಸಾನ್ ಸಿರೊ ಸ್ತಾದಿಯೊ. ಗರಿಬಾಲ್ದಿಯಲ್ಲಿ ಎಂ2ರಿಂದ, ಜಾರಾದಲ್ಲಿ ಎಂ3ರಿಂದ, ಲೊತ್ತೊದಲ್ಲಿ ಎಂ1ರಿಂದ ಅದಕ್ಕೆ ಬದಲಾಯಿಸಬಹುದು. ಮೆಟ್ರೊ ಗೇಟಿನಲ್ಲಿ ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿ ಒಳಹೋಗಬಹುದು. ಹೊರಬರುವಾಗಲೂ ಅದೇ ಕಾರ್ಡು ಮುಟ್ಟಿಸಿ. 16ನೇ ನಂಬರಿನ ಟ್ರ್ಯಾಮ್ ಕೂಡ ಸ್ಟೇಡಿಯಂ ಹತ್ತಿರ ಕೊನೆಯಾಗುತ್ತದೆ, ನಿಧಾನ.

ಮೇಲಿನ ಉಂಗುರದ ಟಿಕೆಟ್ ಇದ್ದವರು ಸುತ್ತಿ ಸುತ್ತಿ ಏರುವ ಇಳಿಜಾರು ದಾರಿಗೆ ಕಾಲು ಗಂಟೆಗೂ ಮೀರಿ ಸಮಯ ಇಟ್ಟುಕೊಳ್ಳಿ. ಜುಲೈ ಮೊದಲ ವಾರ ಮಿಲಾನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲರ ಸುಮಾರಿಗೆ. ಮೊದಲ ಒಂದು ಗಂಟೆಯ ಹಾಡುಗಳು ಹಗಲಲ್ಲೇ ನಡೆಯುತ್ತವೆ. ಕತ್ತಲಾದ ಮೇಲೆ ಶುರುವಾಗುತ್ತದೆ ಎಂದುಕೊಂಡು ತಡವಾಗಿ ಹೊರಟವರು ಆರೇಳು ಹಾಡು ಕಳೆದುಕೊಳ್ಳುತ್ತಾರೆ.

ಜನಸಂದಣಿಯ ಬಗ್ಗೆ ಎರಡು ಮಾತು, ಇದನ್ನು ಹಾರಿಸಿ ಓದಬೇಡಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅವಘಡ ಆದದ್ದು ಸ್ಟೇಡಿಯಂ ಒಳಗಲ್ಲ, ಗೇಟಿನ ಹೊರಗೆ. ಎಲ್ಲ ಊರಲ್ಲೂ ಅಪಾಯದ ಜಾಗ ಅದೇ: ಹಿಂದಿನವರಿಗೆ ಮುಂದೆ ಏನಾಗಿದೆ ಕಾಣದು, ಮುಂದಿನವರಿಗೆ ಹಿಂದಕ್ಕೆ ಬರಲು ಜಾಗವಿಲ್ಲ. ನಾಲ್ಕೂ ಕಡೆಯಿಂದ ಭುಜ ಒತ್ತಿ ನಿಮ್ಮ ಕೈ ನಿಮಗೇ ಎತ್ತಲಾಗದಿದ್ದರೆ ಸಂದಣಿ ಮಿತಿ ಮೀರಿದೆ ಎಂದರ್ಥ. ಆಗ ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಾಡಲು ಜಾಗ ಕಾಪಾಡಿಕೊಳ್ಳಿ. ತಳ್ಳುವಿಕೆಗೆ ಎದುರು ನಿಲ್ಲಬೇಡಿ, ಅಲೆ ತಗ್ಗಿದಾಗೊಮ್ಮೆ ಓರೆಯಾಗಿ ಅಂಚಿನ ಕಡೆ ಒಂದೆರಡು ಹೆಜ್ಜೆ ಸರಿಯಿರಿ. ಬಿದ್ದ ಫೋನು, ಚಪ್ಪಲಿಗೆ ಬಗ್ಗಬೇಡಿ. ಲೇಸ್ ಬಿಗಿದ ಶೂ ಹಾಕಿ ಎನ್ನುವುದು ಇದಕ್ಕೇ. ಪಕ್ಕದವರು ಬಿದ್ದರೆ ಎತ್ತಿ, ಕೂಗಿ ಸುತ್ತಲಿನವರನ್ನು ನಿಲ್ಲಿಸಿ.

ಇನ್ನು ಹಾಡು. 2025ರ ಶೋಗಳ ಕೊನೆಗೆ ಬಾಬ್ ಡಿಲನ್ ಬರೆದ ‘ಚೈಮ್ಸ್ ಆಫ್ ಫ್ರೀಡಂ’ ಬರುತ್ತಿತ್ತು. ಆ ಸುತ್ತಿನ ಹಿಂದಿನ ನಾಲ್ಕೈದು ಊರುಗಳ ಹಾಡಿನ ಪಟ್ಟಿ ನೋಡಿಕೊಂಡು ಹೋದರೆ ಯಾವುದು ಎಲ್ಲ ಕಡೆ ಬರುತ್ತದೆ, ಯಾವುದು ಬದಲಾಗುತ್ತದೆ ಎಂದು ಗೊತ್ತಾಗುತ್ತದೆ, ಅಪರೂಪದ ಹಾಡು ಬಂದ ಕ್ಷಣ ಅದರ ಬೆಲೆ ತಿಳಿಯುತ್ತದೆ. ಇಟಲಿಯ ಜನ ಗಿಟಾರ್ ಭಾಗವನ್ನೂ ಬಾಯಲ್ಲೇ ಹಾಡುತ್ತಾರೆ. 1985ರ ಜೂನ್ 21ರಂದು ಸ್ಪ್ರಿಂಗ್‌ಸ್ಟೀನ್ ಮೊದಲ ಸಲ ಇಲ್ಲಿ ಹಾಡಿದಾಗ ಇದ್ದವರು ಈಗ ಮೊಮ್ಮಕ್ಕಳೊಡನೆ ಬರುತ್ತಾರೆ. ಇಂಗ್ಲಿಷ್ ಸಾಹಿತ್ಯ ಪೂರ್ತಿ ಬಾರದಿದ್ದರೂ ಅಂಥ ಒಬ್ಬ ಅಜ್ಜಿಯ ಪಕ್ಕ ನಿಂತರೆ ರಾಗ ತಾನಾಗಿ ಬರುತ್ತದೆ. ವಿಡಿಯೊ ಒಂದು ಹಾಡಿಗೆ ಸಾಕು. ಬ್ಯಾಟರಿಯೂ ಉಳಿಯುತ್ತದೆ, ಹಿಂದಿನವರ ಕಣ್ಣೂ ಉಳಿಯುತ್ತದೆ.

ವಾಪಸಾಗುವುದು

ಹತ್ತಾರು ಸಾವಿರ ಜನ ಒಟ್ಟಿಗೆ ಹೊರಬರುವಾಗ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಮಧ್ಯಾಹ್ನವೇ ನೋಡಿಟ್ಟುಕೊಳ್ಳಿ. ‘ಮೆಟ್ರೊ ಹತ್ತಿರ’ ಎಂದರೆ ಪ್ರಯೋಜನವಿಲ್ಲ, ಎಲ್ಲರೂ ಅಲ್ಲೇ ಇರುತ್ತಾರೆ. ನಂಬರು ಬರೆದ ಯಾವುದಾದರೂ ಒಂದು ಗೇಟನ್ನು ಗೊತ್ತು ಮಾಡಿ.

ಎಂ5 ಬಾಗಿಲಲ್ಲೇ ಇದ್ದರೂ ಆಗ ಅದಕ್ಕೆ ಹೋಗಬೇಡಿ. ಚಾಲಕರಿಲ್ಲದ ಆ ರೈಲುಗಳು ಗಿಡ್ಡ, ನಾಲ್ಕೇ ಬೋಗಿ. ಜನರನ್ನು ಹೊರಗೆ ನಿಲ್ಲಿಸಿ ಕಂತು ಕಂತಾಗಿ ಒಳಗೆ ಬಿಡುತ್ತಾರೆ. ಅದರ ಬದಲು ಲೊತ್ತೊ ನಿಲ್ದಾಣಕ್ಕೆ ನಡೆಯಿರಿ, ಇಪ್ಪತ್ತು ಇಪ್ಪತ್ತೈದು ನಿಮಿಷದ ದಾರಿ, ಜನರ ಹರಿವೇ ದಾರಿ ತೋರಿಸುತ್ತದೆ. ಅಲ್ಲಿ ಸಿಗುವುದು ಎಂ1, ಉದ್ದದ ರೈಲು. ಕೋಣೆ ಆ ದಾರಿಯಲ್ಲೇ ಇರಲಿ ಎಂದದ್ದು ಇದಕ್ಕೆ. ಮೆಟ್ರೊ ಮಾಮೂಲಿಯಾಗಿ ಮಧ್ಯರಾತ್ರಿ ಹನ್ನೆರಡೂವರೆ ಸುಮಾರಿಗೆ ನಿಲ್ಲುತ್ತದೆ. ದೊಡ್ಡ ಶೋ ಇದ್ದಾಗ ಹೆಚ್ಚುವರಿ ರೈಲು ಬಿಡುವುದುಂಟು, ಅದನ್ನು ಆ ದಿನ ಬೆಳಿಗ್ಗೆಯೇ ಸಾರಿಗೆ ಸಂಸ್ಥೆಯ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಟ್ಯಾಕ್ಸಿ ಬೇಕೇ ಬೇಕಾದರೆ ಸ್ಟೇಡಿಯಂನಿಂದ ಕನಿಷ್ಠ ಎರಡು ಕಿಲೋಮೀಟರ್ ದೂರ ನಡೆದ ಮೇಲೆ ಕರೆಯಿರಿ. ಸೀಟಿನಲ್ಲಿದ್ದವರು ದೀಪ ಹತ್ತಿದ ಮೇಲೂ ಇಪ್ಪತ್ತು ನಿಮಿಷ ಕೂತಿದ್ದು ಎದ್ದರೆ ಇಳಿಜಾರಿನಲ್ಲಿ ಮಕ್ಕಳ ಕೈ ಹಿಡಿದು ನಿಧಾನವಾಗಿ ಇಳಿಯಬಹುದು.

ಮರುದಿನ ಬೆಳಿಗ್ಗೆ ವಿಮಾನ ಇಟ್ಟುಕೊಳ್ಳಬೇಡಿ, ಸಂಜೆಯದು ಇರಲಿ. ಕಿವಿಯಲ್ಲಿ ಗುಂಯ್‌ಗುಡುವ ಶಬ್ದ ಬೆಳಗಾಗುವಷ್ಟರಲ್ಲಿ ಇಳಿಯಬೇಕು. ಒಂದು ದಿನ ದಾಟಿದರೂ ಹಾಗೇ ಇದ್ದರೆ, ಅಥವಾ ಒಂದು ಕಿವಿ ಮಂದವಾಗಿದ್ದರೆ, ಊರು ಸೇರಿದ ಮೇಲೆ ನೋಡೋಣ ಎನ್ನದೆ ಅಲ್ಲೇ ಕಿವಿ ವೈದ್ಯರಿಗೆ ತೋರಿಸಿ. ವೀಸಾಕ್ಕೆ ಮಾಡಿಸಿದ ವಿಮೆಯ ಕಾಗದ ಆಗ ಕೆಲಸಕ್ಕೆ ಬರುತ್ತದೆ.